ಮಾತಿಗೆ ಮೊದಲಿನ ಅಂಜಿಕೆ: ವಯಸ್ಕರ ಉಗ್ಗು

ಆಡಬೇಕಾದ ಪದ ಯಾವುದೆಂದು ಚೆನ್ನಾಗಿ ಗೊತ್ತಿದ್ದರೂ ಅದರ ಮೊದಲ ದನಿ ಮತ್ತೆ ಮತ್ತೆ ಮರುಕಳಿಸುವುದು, ಉದ್ದಕ್ಕೆ ಎಳೆಯುವುದು, ಇಲ್ಲವೇ ಗಂಟಲು ಬಿಗಿದು ದನಿಯೇ ಹೊರಡದಿರುವುದು ಉಗ್ಗು ಎನಿಸುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಕಾಣಿಸಿಕೊಂಡು ಹೆಚ್ಚಿನವರಲ್ಲಿ ತಾನಾಗಿಯೇ ಕಳೆದುಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಲ್ಲಿ, ಅವರಲ್ಲಿಯೂ ಗಂಡಸರೇ ಹೆಚ್ಚು. ಮಗುವಿಗೆ ಇಲ್ಲದ ಒಂದು ಹೊರೆ ಈ ವಯಸ್ಕರ ಮೇಲಿರುತ್ತದೆ: ಮುಂದಿನ ಯಾವ ಪದದಲ್ಲಿ ನಾಲಿಗೆ ಸಿಕ್ಕಿಕೊಳ್ಳಲಿದೆ ಎಂಬುದು ಅವರಿಗೆ ಹಲವು ಸಲ ಮೊದಲೇ ತಿಳಿದುಬಿಡುತ್ತದೆ.

ಈ ಮುನ್ನರಿವಿನ ಅಂಜಿಕೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡವರಲ್ಲಿ ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಶೀಹನ್ (1918–1983) ಮುಖ್ಯರು. ಸ್ವತಃ ಉಗ್ಗಿದ್ದ ಶೀಹನ್ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಆಡಬೇಕೆಂಬ ಬಯಕೆ ಮುಂದಕ್ಕೆ ನೂಕುತ್ತಿರುವಾಗಲೇ ಆಡಿದರೆ ಉಗ್ಗುತ್ತೇನೆಂಬ ಅಂಜಿಕೆ ಹಿಂದಕ್ಕೆ ಎಳೆಯುತ್ತದೆ, ಎರಡರ ಬಲವೂ ಸಮವಾದ ಗಳಿಗೆಯಲ್ಲಿ ಮಾತು ನಿಂತುಬಿಡುತ್ತದೆ ಎಂಬ ಸಿದ್ಧಾಂತವನ್ನು ಅವರು 1953ರಲ್ಲಿ ಮಂಡಿಸಿದರು. ಉಗ್ಗನ್ನು ಕಡಲಲ್ಲಿ ತೇಲುವ ನೀರ್ಗಲ್ಲಿನ ಬೆಟ್ಟಕ್ಕೆ ಹೋಲಿಸಿದವರೂ ಅವರೇ; ಕೇಳುವವರ ಕಿವಿಗೆ ಬೀಳುವ ತಡವರಿಕೆ ನೀರಿನ ಮೇಲೆ ಕಾಣುವ ತುದಿ ಮಾತ್ರವಾಗಿದ್ದು, ನಾಚಿಕೆ, ಅಂಜಿಕೆ, ತಪ್ಪಿತಸ್ಥ ಭಾವಗಳ ದೊಡ್ಡ ಪಾಲು ಕೆಳಗೆ ಮುಳುಗಿರುತ್ತದೆ.

ಈ ಮುಳುಗಿದ ಪಾಲು ಹೇಗಿರುತ್ತದೆಂಬುದನ್ನು ಗಡಿನಾಡಿನ ಒಂದು ಸಂದರ್ಭವನ್ನು ಕಲ್ಪಿಸಿಕೊಂಡು ನೋಡಬಹುದು. ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಕನ್ನಡಿಗರಿಗೆ ಮನೆಯ ಕನ್ನಡದ ಜೊತೆಗೆ ಕಚೇರಿಯ ತೆಲುಗು, ಸಂತೆಯ ದಖನಿ ಉರ್ದು ಬಾಯಲ್ಲೇ ಇರುತ್ತವೆ. ಉಗ್ಗು ಇರುವವರಿಗೆ ಈ ಸಿರಿ ಅಡಗುದಾಣವೂ ಆಗಬಲ್ಲದು: ‘ನಾಳೆ’ ಎನ್ನಲು ನಾಲಿಗೆ ಏಳದಿದ್ದರೆ ‘ರೇಪು’ ಎನ್ನಬಹುದು, ಅದೂ ಕಷ್ಟವೆನಿಸಿದರೆ ‘ಕಲ್’ ಎನ್ನಬಹುದು. ಆದರೆ ಊರಿನ ಹೆಸರಿಗೆ ಬದಲಿ ಪದವಿಲ್ಲ. ಮಹಬೂಬನಗರದಲ್ಲಿ ಬಸ್ಸು ಹತ್ತಿದ ಧನ್ವಾಡದವನೊಬ್ಬ, ಕಂಡಕ್ಟರು ಎದುರು ನಿಂತಾಗ ‘ಧ’ಕಾರಕ್ಕೆ ಹೆದರಿ, ಇನ್ನೂ ಮುಂದಿರುವ ನಾರಾಯಣಪೇಟೆಗೆ ಚೀಟಿ ಕೊಂಡು ತನ್ನೂರಲ್ಲೇ ಇಳಿದುಹೋಗಬಹುದು; ಅವನು ಉಗ್ಗಿದ್ದನ್ನು ಯಾರೂ ಕೇಳಿರುವುದಿಲ್ಲ, ಹೆಚ್ಚು ತೆತ್ತ ದುಡ್ಡಿನ ಲೆಕ್ಕ ಅವನಿಗಲ್ಲದೆ ಯಾರಿಗೂ ತಿಳಿಯುವುದಿಲ್ಲ. ತಮ್ಮ ಹೆಸರನ್ನು ಹೇಳುವಾಗಲೇ ಹಲವರು ಹೆಚ್ಚು ತಡವರಿಸುವುದಕ್ಕೂ ಬದಲಿ ಪದವಿಲ್ಲದಿರುವುದು ಒಂದು ಕಾರಣವೆನ್ನಬೇಕು.

ನುಡಿ ಬದಲಿಸಿದರೆ ಉಗ್ಗು ತಪ್ಪೀತೇ ಎಂಬ ಪ್ರಶ್ನೆಗೆ ಕನ್ನಡದ ನೆಲದಲ್ಲಿಯೇ ನಡೆದ ಅಧ್ಯಯನವೊಂದು ಬೆಳಕು ಚೆಲ್ಲುತ್ತದೆ. 1965ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮುಂದೆ ನಿರ್ದೇಶಕರಾದ ಎಂ. ಜಯರಾಂ, ಕನ್ನಡವೊಂದನ್ನೇ ಬಲ್ಲವರ ಉಗ್ಗನ್ನೂ ಕನ್ನಡ-ಇಂಗ್ಲಿಷ್ ಎರಡನ್ನೂ ಬಲ್ಲವರ ಉಗ್ಗನ್ನೂ ಹೋಲಿಸಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಯಾವ ಬಗೆಯ ದನಿಗಳಲ್ಲಿ ಮಾತು ತಡೆಯುತ್ತದೆಂಬುದು ಎರಡೂ ನುಡಿಗಳಲ್ಲಿ ಬಹುಮಟ್ಟಿಗೆ ಒಂದೇ ತೆರನಾಗಿರುವುದು ಕಂಡುಬಂದಿತು. ಹೀಗಾಗಿ ನುಡಿಯಿಂದ ನುಡಿಗೆ ಜಿಗಿಯುವವರು ಆ ಗಳಿಗೆಯಲ್ಲಿ ಒಂದು ಪದವನ್ನು ದಾಟಿಕೊಂಡರೂ ಉಗ್ಗನ್ನು ತಮ್ಮ ಜೊತೆಗೇ ಒಯ್ಯುತ್ತಾರೆನ್ನಬೇಕಾಗುತ್ತದೆ.

ಉಗ್ಗಿನ ಮೂಲವನ್ನು ಕುರಿತು ಶೀಹನ್ ಹೇಳಿದ್ದೆಲ್ಲ ಇಂದು ನಿಲ್ಲುವುದಿಲ್ಲ. ಉಗ್ಗು ವಂಶದಲ್ಲಿ ಇಳಿದುಬರುವುದುಂಟು, 2010ರಲ್ಲಿ ಅದಕ್ಕೆ ಸಂಬಂಧಿಸಿದ ಮೂರು ಜೀನುಗಳೂ ಗುರುತಾದವು. ಮಾತನ್ನು ಹೊಂದಿಸುವ ಮಿದುಳಿನ ಜಾಲಗಳಲ್ಲಿಯೂ ವ್ಯತ್ಯಾಸಗಳು ಕಂಡುಬಂದಿವೆ. ತಂದೆತಾಯಿಯರ ಬೈಗುಳದಿಂದಲೋ ಎಡಗೈ ಮಗುವನ್ನು ಬಲಗೈಗೆ ತಿರುಗಿಸಿದ್ದರಿಂದಲೋ ಇದು ಬಂತೆಂದು ಕೊರಗುವ ಮನೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬಹಳ ಅಗತ್ಯ. ಆದರೂ ಅಂಜಿಕೆ ಮತ್ತು ತಪ್ಪಿಸಿಕೊಳ್ಳುವಿಕೆಗಳ ಬಗ್ಗೆ ಶೀಹನ್ ಕೊಟ್ಟ ವಿವರಣೆ ಹಳತಾಗಿಲ್ಲ; ಭಜನೆಯಲ್ಲಿ ಹತ್ತು ಜನರ ದನಿಗೆ ದನಿ ಸೇರಿಸಿದಾಗ ಸಲೀಸಾಗಿ ಹರಿಯುವ ನಾಲಿಗೆಯೇ ಒಬ್ಬನೇ ಎದ್ದುನಿಂತು ಹೆಸರು ಹೇಳಬೇಕಾದಾಗ ಕಟ್ಟಿಹೋಗುವುದನ್ನು ನೋಡಿದವರಿಗೆ, ಇದನ್ನು ನಾಲಿಗೆಯ ದೋಷವೆಂದು ಕರೆಯುವುದು ಸಾಧ್ಯವಾಗುವುದಿಲ್ಲ.

ಶೀಹನ್ ಸೂಚಿಸಿದ ಚಿಕಿತ್ಸೆ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಪದ ಬದಲಿಸುವುದು, ಕೆಮ್ಮುವುದು, ಗೊತ್ತಿಲ್ಲದವರಂತೆ ಸುಮ್ಮನಾಗುವುದು ಮುಂತಾದ ಮರೆಗಳನ್ನು ಒಂದೊಂದಾಗಿ ಬಿಟ್ಟು, ಕೇಳುವವರ ಕಣ್ಣು ನೋಡುತ್ತ, ಕೆಲವೊಮ್ಮೆ ಬೇಕೆಂತಲೇ ಉಗ್ಗಿ ಮಾತಾಡುವುದು ಅದರ ತಿರುಳು. ಧನ್ವಾಡದ ಆ ಪ್ರಯಾಣಿಕನಿಗೆ ಇಂಥ ಚಿಕಿತ್ಸಕರು ಕೊಡುವ ಮೊದಲ ಮನೆಗೆಲಸ ಬಹುಶಃ ಇದೇ: ಮುಂದಿನ ಸಲ ಬಸ್ಸಿನಲ್ಲಿ, ಎಷ್ಟು ಹೊತ್ತು ಹಿಡಿದರೂ ಸರಿ, ‘ಧ-ಧ-ಧನ್ವಾಡ’ ಎಂದೇ ಕೇಳಿ ಚೀಟಿ ಕೊಳ್ಳಬೇಕು.