ಥೈರಾಯ್ಡ್ ಸ್ಕ್ಯಾನ್ ಯಾವಾಗ ಬೇಕು, ಯಾವಾಗ ಬೇಡ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ರೂಮ್‌ಮೇಟ್‌ಗೆ ಸದಾ ಸುಸ್ತು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಜಾಸ್ತಿ ಬಂತು. "ಕುತ್ತಿಗೆ ಸ್ಕ್ಯಾನೂ ಮಾಡಿಸ್ಬೇಕಾ ಸರ್?" ಅಂತ ನಾವೇ ಕೇಳಿದ್ವಿ. ಡಾಕ್ಟರ್ ಕುತ್ತಿಗೆ ಮುಟ್ಟಿ ನೋಡಿ, "ಗಂಟೇನೂ ಇಲ್ಲ, ಈಗ ಬೇಡ" ಅಂದ್ರು. ಯಾಕೆ?

ಅಲ್ಟ್ರಾಸೌಂಡ್ ಅಂದರೆ ನಾವು ಫಿಸಿಕ್ಸ್‌ನಲ್ಲಿ ಓದಿದ ಪ್ರತಿಧ್ವನಿನೇ. ಶಬ್ದ ದೇಹದೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತೆ. ಅದು ವಾಪಸ್ ಬರೋ ಸಮಯದಿಂದ ಚಿತ್ರ ಮೂಡುತ್ತೆ. ಎಕ್ಸ್‌ರೇ ತರಹ ವಿಕಿರಣ ಇಲ್ಲ. ಆದರೆ ಅದು ತೋರಿಸೋದು ಗ್ರಂಥಿಯ ಆಕಾರವನ್ನು. ಹಾರ್ಮೋನ್ ಎಷ್ಟಿದೆ ಅಂತ ಹೇಳೋದು ರಕ್ತಪರೀಕ್ಷೆ ಮಾತ್ರ.

ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ಗ್ರಂಥಿ ಊದಿದ್ದರೆ ಸ್ಕ್ಯಾನ್ ಬೇಕು. ಗಂಟು ನೀರಿನದೋ ಗಟ್ಟಿಯೋ, ಸೂಜಿ ಪರೀಕ್ಷೆ ಬೇಕೋ ಅಂತ ಅದರಿಂದ ತಿಳಿಯುತ್ತೆ.

ಸುಮ್ಮನೆ ಎಲ್ಲರಿಗೂ ಮಾಡಿದರೆ? ದಕ್ಷಿಣ ಕೊರಿಯಾದಲ್ಲಿ ಹಾಗೇ ಆಯ್ತು. 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ತೊಂದರೆ ಕೊಡದ ಪುಟ್ಟ ಗಂಟಿಗೂ ಎಷ್ಟೋ ಜನ ಆಪರೇಷನ್ ಮಾಡಿಸಿಕೊಂಡು, ಜೀವನಪೂರ್ತಿ ಮಾತ್ರೆ ನುಂಗೋ ಹಾಗಾಯ್ತು.

ಹಾಗಾಗಿ ಗಂಟು ಸಿಕ್ಕರೆ ಎಕ್ಸಾಮ್ ಮುಗೀಲಿ ಅಂತ ಕಾಯಬೇಡಿ. ಗಂಟಿಲ್ಲದೆ, ಪ್ಯಾಕೇಜ್‌ನಲ್ಲಿ ಫ್ರೀ ಇದೆ ಅಂತ ಮಾಡಿಸಲೂಬೇಡಿ. ಮೊದಲು ಡಾಕ್ಟರನ್ನು ಕೇಳಿ.