ನೀರಿನ ದೀಪ, ಟೀವಿಗೆ ಬಂದ ಲಾಠಿ

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಚಾಂಗದೇವನ ಜಾತ್ರೆ. ಮುಸ್ಲಿಮರಿಗೆ ಅದೇ ರಾಜಾಬಾಗಸವಾರನ ಉರುಸು. ಬೆಣ್ಣಿಹಳ್ಳದಲ್ಲಿ ಇಬ್ಬರೂ ಮೀಯುತ್ತಾರೆ, ಅದೇ ನೀರಿನಿಂದ ದೀಪ ಉರಿಯುತ್ತದೆಂಬ ನಂಬಿಕೆ. ಒಂದು ತೊಟ್ಟಾದರೂ ಎಣ್ಣೆ ಸೋಕಿರಬೇಕೆಂಬ ಗುಮಾನಿ ನನ್ನದು. ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಮುಂದೆ ಅದನ್ನು ಆಡಲಿಲ್ಲ.

ಅವರು ಮೊಮ್ಮಗನ ಮೊಬೈಲ್ ಇಸಿದುಕೊಂಡು 2016ರ ವಿಡಿಯೊ ತೋರಿಸಿದರು. ಓಣಿಯಲ್ಲಿ ಲಾಠಿ, ಹೆಂಗಸರ ಚೀರಾಟ. 'ಬಡದದ್ದು ಟೀವ್ಯಾಗ ಬಂತ್ರಿ. ಆಮ್ಯಾಲ ಕೋರ್ಟಿಗೆ ಅಡ್ಡಾಡಿದ್ದು ಯಾವ ಟೀವ್ಯಾಗೂ ಬರ್ಲಿಲ್ಲ.'

ಮಹದಾಯಿಯ 7.56 ಟಿಎಂಸಿ ಅಡಿ ನೀರಿಗಾಗಿ ರಾಜ್ಯ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ನ್ಯಾಯಮಂಡಳಿ ತಳ್ಳಿಹಾಕಿದ್ದು ಆ ವರ್ಷದ ಜುಲೈ 27ರಂದು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು, ಅದರ ಬೆನ್ನಿಗೇ ಪೊಲೀಸರು ಯಮನೂರಿಗೆ ನುಗ್ಗಿದರು. ಕ್ಯಾಮೆರಾ ಇಲ್ಲದಿದ್ದರೆ ಆ ಏಟುಗಳು ಪೊಲೀಸರ ವರದಿಯಲ್ಲಿ 'ಲಘು ಲಾಠಿ ಪ್ರಹಾರ' ಆಗಿಬಿಡುತ್ತಿದ್ದವು. ದೃಶ್ಯ ಬಂದದ್ದಕ್ಕೇ ಕೆಲವರು ಅಮಾನತಾದರು. ಆದರೆ 'ಹೊತ್ತಿ ಉರಿದ ನವಲಗುಂದ' ಎಂಬ ಧಾಟಿಯಲ್ಲಿ ಒಂದೇ ಬೆಂಕಿಯನ್ನು ಗಂಟೆಗಟ್ಟಲೆ ತಿರುಗಿಸಿ ತೋರಿಸಿದ್ದೂ ಅದೇ ಟೀವಿ.

ಇದೇ ನೆಲದ 1980ರ ರೈತ ಬಂಡಾಯ ಓದುಗರಿಗೆ ಗೊತ್ತೇ ಇದೆ: ಮಲಪ್ರಭೆ ಕಾಲುವೆ, ನೀರು ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ, ಜುಲೈ 21ರ ಗೋಲಿಬಾರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರ ಜೀವವೂ ಹೋಯಿತು. ಆಕಾಶವಾಣಿ ಸರ್ಕಾರದ್ದು; ಉಳಿದ ಸುದ್ದಿಗೆ ಪತ್ರಿಕೆಯ ಕಟ್ಟು ಬರುವುದನ್ನೇ ಕಾಯಬೇಕಿತ್ತು. ಬೆಂಗಳೂರಿನಲ್ಲಿ 'ಲಂಕೇಶ್ ಪತ್ರಿಕೆ' ಹುಟ್ಟಿದ್ದೂ ಅದೇ ವರ್ಷ. 1983ರಲ್ಲಿ ಮುಖ್ಯಮಂತ್ರಿ ಗುಂಡೂರಾವ್ ಇಳಿದು ರಾಮಕೃಷ್ಣ ಹೆಗಡೆ ಬಂದದ್ದರ ಶ್ರೇಯವನ್ನು ಪತ್ರಿಕೆಗಳಿಗೇ ಕೊಡುವವರಿದ್ದಾರೆ. ಎರಿ ಹೊಲದವರ ಸಿಟ್ಟು ಅದಕ್ಕೂ ಮೊದಲಿನದು. ಪತ್ರಿಕೆ ಅದನ್ನು ಉಳಿದ ಜಿಲ್ಲೆಗಳಿಗೆ ಮುಟ್ಟಿಸಿತು, ಅಷ್ಟೇ ಎಂಬುದು ನನ್ನ ಲೆಕ್ಕ.

ಮಹದಾಯಿ ನ್ಯಾಯಮಂಡಳಿಯ 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ, ಅದರಲ್ಲಿ ಕಳಸಾ-ಬಂಡೂರಿ ತಿರುವಿಗೆ 3.9. ಅಂಕಿಗಳೆಲ್ಲ ಅಜ್ಜನಿಗೆ ಬಾಯಿಪಾಠ. ಹೊರಡುವಾಗ ಅವರೇ ಕೇಳಿದರು: 'ನೀವು ಪೇಪರಿನ್ಯಾವ್ರು. ಗೋವಾದ ಪೇಪರಿನ್ಯಾಗ ನಮ್ಮ ಬಗ್ಗೆ ಏನ್ ಬರೀತಾರ್ರೀ?' ಗೋವಾದತ್ತ ಹರಿಯುವ ಮಹದಾಯಿಯನ್ನು ತಿರುಗಿಸಿದರೆ ಸಿಹಿನೀರು ಕಡಿಮೆಯಾಗಿ ಉಪ್ಪುನೀರು ಒಳಗೆ ಏರುತ್ತದೆ, ಕಾಡು ಒಣಗುತ್ತದೆ ಎಂದು ಅಲ್ಲಿಯವರು ಅಂಜುವುದನ್ನು ಹೇಳಿದೆ.

'ಅವ್ರಿಗೂ ಹೆದ್ರಿಕಿ ಐತಿ ಅನ್ರಿ. ನಮಗ ಇದನ್ನ ಯಾರೂ ಹೇಳಿದ್ದಿಲ್ಲ ನೋಡ್ರಿ.'