ಮೊಡವೆಯ ಕಲೆಗೆ ಸೂಜಿಯ ಚಿಕಿತ್ಸೆ

ಮೊಡವೆಗಳು ಹರೆಯದೊಡನೆ ಬಂದು ಬಹುಮಟ್ಟಿಗೆ ಹರೆಯದೊಡನೆಯೇ ಹೋಗುತ್ತವೆ. ಅವು ಬಿಟ್ಟುಹೋದ ಕುಳಿಗಳು ಮಾತ್ರ ಉಳಿಯುತ್ತವೆ. ಮದುವೆಯ ಮಾತುಕತೆ ನಡೆದಿರುವ ಮನೆಗಳಲ್ಲಿ ಇವು ತರುವ ಸಂಕೋಚ ಸಣ್ಣದಲ್ಲ. ಇದಕ್ಕೆ ಪರಿಹಾರವೆಂದು ನಮ್ಮ ಮಹಾನಗರಗಳಲ್ಲಿ ಇಂದು ಕೇಳಿಬರುವ ಹೆಸರು ‘ಮೈಕ್ರೋನೀಡ್ಲಿಂಗ್’, ಅಂದರೆ ಸೂಕ್ಷ್ಮಸೂಜಿ ಚಿಕಿತ್ಸೆ. ಹಣ ತೆರುವ ಮುನ್ನ ಇದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ಅರಿತಿರುವುದು ಲೇಸು.

ಇದರ ತತ್ತ್ವ ಸರಳವಾದುದು. ಚರ್ಮಕ್ಕೆ ಗಾಯವಾದರೆ ಅದನ್ನು ಮಾಯಿಸಲು ದೇಹವು ಕೊಲಾಜೆನ್ ಎಂಬ ಪ್ರೋಟೀನನ್ನು ಹೊಸದಾಗಿ ನಿರ್ಮಿಸುತ್ತದೆ. ಕೆನಡಾ ದೇಶದ ಕಾಮಿರಾನ್ ಮತ್ತು ಡೂಸೆ ಎಂಬ ವೈದ್ಯರು ಹಚ್ಚೆ ಹಾಕುವ ಯಂತ್ರವನ್ನು ಶಾಯಿಯಿಲ್ಲದೆ ಕಲೆಗಳ ಮೇಲೆ ಪ್ರಯೋಗಿಸಿ, ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಇಂದು ಸೂಜಿಗಳುಳ್ಳ ಉರುಳೆ ಅಥವಾ ವಿದ್ಯುತ್ ಪೆನ್ ಬಳಕೆಯಲ್ಲಿದೆ. ಕುಳಿಗಳಿಗೆ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ಉದ್ದದ ಸೂಜಿಗಳು ಬೇಕಾಗುತ್ತವೆ.

ಮೊದಲು ಮರಗಟ್ಟಿಸುವ ಮುಲಾಮನ್ನು ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಿಸುತ್ತಾರೆ. ಚುಚ್ಚುವಾಗ ರಕ್ತದ ಸಣ್ಣ ಚುಕ್ಕೆಗಳು ಮೂಡುವುದು ಸಹಜ. ಅನಂತರ ಎರಡು ಮೂರು ದಿನ ಮುಖ ಬಿಸಿಲಿಗೆ ಬೆಂದಂತೆ ಕೆಂಪಾಗಿ, ಕೊಂಚ ಊದಿಕೊಳ್ಳಬಹುದು. ಆ ದಿನಗಳಲ್ಲಿ ಪ್ರಸಾಧನ ಸಾಮಗ್ರಿಗಳನ್ನು ದೂರವಿಟ್ಟು, ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಬೇಕು.

ಫಲ ಒಡನೆಯೇ ಕಾಣದು. ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಮೂರರಿಂದ ಆರು ಬಾರಿ ಚಿಕಿತ್ಸೆ ಬೇಕಾಗಬಹುದು; ಕೊಲಾಜೆನ್ ಬಲಿಯಲು ಮತ್ತೆ ಮೂರು ತಿಂಗಳಾದರೂ ಬೇಕು. ಲೆಕ್ಕ ಹಾಕಿದರೆ ಅರ್ಧ ವರ್ಷವೇ ಆಯಿತು. ಆದುದರಿಂದ ಲಗ್ನಪತ್ರಿಕೆ ಅಚ್ಚಾದ ಮೇಲೆ ಅವಸರದಿಂದ ಇದಕ್ಕೆ ಮುಂದಾಗುವುದು ಸಲ್ಲದು. ಅಗಲವಾದ, ಆಳವಿಲ್ಲದ ಕುಳಿಗಳು ಚೆನ್ನಾಗಿ ತಗ್ಗುತ್ತವೆ. ದಬ್ಬಳದಿಂದ ಚುಚ್ಚಿದಂತಿರುವ ಕಿರಿದಾದ ಆಳದ ಕುಳಿಗಳಿಗೆ ಇದೊಂದೇ ಸಾಲದು. ಕಲೆ ತಿಳಿಯಾದೀತು, ಪೂರ್ಣ ಅಳಿಸಿಹೋಗದು. ನಮ್ಮಂಥ ಕಂದುಬಣ್ಣದವರಲ್ಲಿ ಚರ್ಮ ಕಪ್ಪಿಡುವ ಭಯ ಲೇಸರ್‌ಗಿಂತ ಇದರಲ್ಲಿ ಕಡಿಮೆ; ಆದರೆ ಇಲ್ಲವೇ ಇಲ್ಲವೆನ್ನಲಾಗದು.

ಮೊಡವೆ ಇನ್ನೂ ಕೀವುಗಟ್ಟಿರುವವರು, ತುಟಿಯ ಬಳಿ ಸರ್ಪಸುತ್ತಿನಂಥ ಗುಳ್ಳೆ ಎದ್ದಿರುವವರು ಚಿಕಿತ್ಸೆಯನ್ನು ಮುಂದೂಡಬೇಕು. ಗಾಯ ಮಾಯುವಾಗ ಗಡ್ಡೆಗಟ್ಟುವ ದೇಹಸ್ವಭಾವದವರಿಗೆ ಇದು ತಕ್ಕುದಲ್ಲ. ತೊನ್ನು, ಸೋರಿಯಾಸಿಸ್ ಇರುವವರು, ರಕ್ತ ತೆಳುವಾಗಿಸುವ ಔಷಧಿ ಅಥವಾ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಸೇವಿಸುತ್ತಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಸೂಜಿಯ ಶುದ್ಧಿ. ಒಬ್ಬರ ರಕ್ತ ತಗುಲಿದ ಸೂಜಿಯಿಂದ ಹೆಪಟೈಟಿಸ್ ಬಿ, ಎಚ್.ಐ.ವಿ. ಸೋಂಕುಗಳು ಇನ್ನೊಬ್ಬರಿಗೆ ಹರಡಬಲ್ಲವು. ಅಂಗಡಿಯ ಉರುಳೆಯನ್ನು ಕೊಂಡು ಮನೆಯಲ್ಲಿಯೇ ಪ್ರಯೋಗಿಸುವುದೂ ಅಪಾಯಕರ. ಅರ್ಹ ಚರ್ಮರೋಗ ತಜ್ಞರಲ್ಲಿಗೇ ಹೋಗಿರಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯುವಂತೆ ಕೇಳಿರಿ. ಹಾಗೆ ಕೇಳಲು ಸಂಕೋಚಪಡಬೇಕಾಗಿಲ್ಲ.